ಟೋಲ್ ಹಣ ಯಾರಿಗೆ ಸೇರುತ್ತದೆ? ಬಿಒಟಿ, ಹ್ಯಾಮ್, ಟಿಒಟಿ ಎಂದರೇನು? ಇಲ್ಲಿದೆ ವಿವರ

ಮುಂಬೈನಿಂದ ಹುಬ್ಬಳ್ಳಿಗೋ, ಚೆನ್ನೈನಿಂದ ಬೆಂಗಳೂರಿಗೋ ಕಾರಿನಲ್ಲಿ ಹೊರಟರೆ ದಾರಿಯುದ್ದಕ್ಕೂ ಟೋಲ್ ಪ್ಲಾಜಾಗಳು ಎದುರಾಗುತ್ತವೆ. ಫಾಸ್ಟ್ಯಾಗ್‌ನಿಂದ ಕಡಿತವಾಗುವ ಹಣ ಎಲ್ಲ ಕಡೆ ಸರ್ಕಾರಕ್ಕೇ ಹೋಗುವುದಿಲ್ಲ. ರಸ್ತೆಗೆ ಬಂಡವಾಳ ಹಾಕಿದವರು ಯಾರು, ನಷ್ಟವಾದರೆ ಹೊರುವವರು ಯಾರು ಎಂಬ ಒಪ್ಪಂದವೇ ಅದನ್ನು ನಿರ್ಧರಿಸುತ್ತದೆ. ದೇಶದ ಹೆದ್ದಾರಿಗಳಲ್ಲಿ ಖಾಸಗಿ ಹಣ ಬರುವ ಮೂರು ಪ್ರಮುಖ ಮಾದರಿಗಳು ಹೀಗಿವೆ.

ಬಿಒಟಿ: ಕಂಪನಿಯದ್ದೇ ಹೊಣೆ

ನಿರ್ಮಿಸಿ, ನಿರ್ವಹಿಸಿ, ಹಸ್ತಾಂತರಿಸುವ ಪದ್ಧತಿಯಿದು. ಕಂಪನಿ ಸ್ವಂತ ಬಂಡವಾಳ ಮತ್ತು ಬ್ಯಾಂಕ್ ಸಾಲದಿಂದ ರಸ್ತೆ ನಿರ್ಮಿಸುತ್ತದೆ. ಒಪ್ಪಂದದ ಅವಧಿಯವರೆಗೆ ಟೋಲ್ ಅದರದ್ದೇ. ಲಾಭದಾಯಕವಲ್ಲದ ಯೋಜನೆಗೆ ಸರ್ಕಾರ ವೆಚ್ಚದ ಶೇ 40ರವರೆಗೆ ಅನುದಾನ ಕೊಡಬಹುದು. ಆದರೆ ವಾಹನ ಸಂಚಾರ ನಿರೀಕ್ಷೆಗಿಂತ ಕಡಿಮೆಯಾದರೆ ನಷ್ಟ ಕಂಪನಿಯದ್ದು.

ಹಾಗೆಂದು ಸಾರ್ವಜನಿಕರು ಪೂರ್ತಿ ಸುರಕ್ಷಿತರಲ್ಲ. ಭೂಸ್ವಾಧೀನ ವಿಳಂಬ, ವಾಹನ ಸಂಖ್ಯೆಯ ಅತಿಯಾದ ಅಂದಾಜು ಮುಂತಾದ ಕಾರಣಗಳಿಂದ ಹಲವು ಯೋಜನೆಗಳು ಕುಸಿದವು. ಸಾರ್ವಜನಿಕ ವಲಯದ ಬ್ಯಾಂಕ್‌ಗಳು ಕೊಟ್ಟ ಸಾಲ ವಸೂಲಾಗದೆ ಉಳಿಯಿತು. 2012ರ ನಂತರ ಬಿಒಟಿ ಟೆಂಡರ್‌ಗಳಿಗೆ ಬಿಡ್ ಮಾಡುವವರೇ ವಿರಳವಾದರು.

ಸಂಚಾರ ಹೆಚ್ಚಿದ್ದರೂ ತೊಂದರೆ ತಪ್ಪಲಿಲ್ಲ ಎಂಬುದಕ್ಕೆ 2008ರ ಜನವರಿಯಲ್ಲಿ ಆರಂಭವಾದ ಸುಮಾರು 28 ಕಿ.ಮೀ. ಉದ್ದದ ದೆಹಲಿ–ಗುರುಗ್ರಾಮ ಎಕ್ಸ್‌ಪ್ರೆಸ್‌ವೇ ಸಾಕ್ಷಿ. ಗಡಿಯಲ್ಲಿದ್ದ 32 ಲೇನ್‌ಗಳ ಟೋಲ್ ಪ್ಲಾಜಾ ದಟ್ಟಣೆ ತಾಳಲಾರದೆ, ಪ್ರಕರಣ ಹೈಕೋರ್ಟ್ ಮೆಟ್ಟಿಲೇರಿ, 2014ರಲ್ಲಿ ತೆರವಾಯಿತು.

ಹ್ಯಾಮ್: ಸರ್ಕಾರಕ್ಕೂ ಪಾಲು

ಹೂಡಿಕೆದಾರರನ್ನು ಮರಳಿ ಕರೆತರಲು 2016ರಲ್ಲಿ ಹೈಬ್ರಿಡ್ ಆನ್ಯುಟಿ ಮಾದರಿ ಬಂತು. ನಿರ್ಮಾಣದ ಹಂತದಲ್ಲೇ ಸರ್ಕಾರ ಶೇ 40ರಷ್ಟು ಹಣವನ್ನು ಕಂತುಗಳಲ್ಲಿ ಕೊಡುತ್ತದೆ. ಉಳಿದ ಶೇ 60ರಷ್ಟನ್ನು ಕಂಪನಿ ಹೊಂದಿಸುತ್ತದೆ. ರಸ್ತೆ ಸಿದ್ಧವಾದ ಮೇಲೆ ಸುಮಾರು 15 ವರ್ಷ, ಆರು ತಿಂಗಳಿಗೊಮ್ಮೆ ಬಡ್ಡಿಸಹಿತ ಆ ಹಣ ಕಂಪನಿಗೆ ಮರಳುತ್ತದೆ. ಟೋಲ್ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರಕ್ಕೆ ಸೇರುತ್ತದೆ. ಸಂಗ್ರಹ ಕಡಿಮೆಯಾದರೂ ಕಂತು ತಪ್ಪುವಂತಿಲ್ಲ. ಅಂದರೆ ಇಲ್ಲಿ ಸಂಚಾರದ ನಷ್ಟ ಸರ್ಕಾರದ ತಲೆಗೆ.

ಟಿಒಟಿ: ಸಿದ್ಧ ರಸ್ತೆ, ಮುಂಗಡ ಹಣ

ಇಲ್ಲಿ ಸರ್ಕಾರಿ ಹಣದಲ್ಲಿ ಈಗಾಗಲೇ ನಿರ್ಮಾಣವಾದ ರಸ್ತೆಯ ಟೋಲ್ ಹಕ್ಕನ್ನು ಹರಾಜು ಹಾಕಲಾಗುತ್ತದೆ. 2018ರಲ್ಲಿ ಆಂಧ್ರಪ್ರದೇಶ ಮತ್ತು ಗುಜರಾತ್‌ನ ಸುಮಾರು 680 ಕಿ.ಮೀ. ಹೆದ್ದಾರಿಯ 30 ವರ್ಷಗಳ ಹಕ್ಕಿಗೆ ಮ್ಯಾಕ್ವಾರಿ ಸಂಸ್ಥೆ 9,681 ಕೋಟಿ ರೂ. ನೀಡಿತು. ಸರ್ಕಾರಕ್ಕೆ ಹೊಸ ರಸ್ತೆಗಳಿಗೆ ಒಮ್ಮೆಲೇ ಹಣ ಸಿಗುತ್ತದೆ, ಆದರೆ ಮುಂದಿನ ಮೂರು ದಶಕಗಳ ಆದಾಯ ಕೈತಪ್ಪುತ್ತದೆ.

ಅವಧಿ ಮುಗಿದರೆ ಟೋಲ್ ನಿಲ್ಲುತ್ತದೆಯೇ?

ತಾನಾಗಿಯೇ ನಿಲ್ಲುವುದಿಲ್ಲ. ಕಂಪನಿಯ ಅವಧಿ ಮುಗಿದಾಗ ರಸ್ತೆ ಪ್ರಾಧಿಕಾರಕ್ಕೆ ಮರಳುತ್ತದೆ, ಪ್ರಾಧಿಕಾರ ಸಂಗ್ರಹ ಮುಂದುವರಿಸಬಹುದು. ಖಾಸಗಿ ಬಂಡವಾಳದಿಂದ ರಸ್ತೆ ಬೇಗ ಸಿಗಬಹುದೇ ಹೊರತು ಉಚಿತವಾಗಿ ಸಿಗುವುದಿಲ್ಲ. ಅದರ ವೆಚ್ಚವನ್ನು ಟೋಲ್ ರೂಪದಲ್ಲೋ ತೆರಿಗೆ ರೂಪದಲ್ಲೋ ಜನರೇ ಭರಿಸುತ್ತಾರೆ.