ಕಾಮೆಂಟರಿ ಯಾರ ಸ್ವತ್ತು?

1996ರ ಅಕ್ಟೋಬರ್ 21. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ. ಆಸ್ಟ್ರೇಲಿಯಾ ಕೊಟ್ಟ ಗುರಿ 216. ಭಾರತ 164ಕ್ಕೆ 8 ವಿಕೆಟ್. ಸಚಿನ್ ಔಟ್. ಕಥೆ ಮುಗೀತು ಅಂತ ಎಷ್ಟೋ ಮನೆಗಳಲ್ಲಿ ಟಿವಿ ಆಫ್ ಆಗಿತ್ತು. ಆಗ ಜೊತೆಯಾದವರು ಅನಿಲ್ ಕುಂಬ್ಳೆ ಮತ್ತು ನಮ್ಮ ಹಾಸನ ಜಿಲ್ಲೆಯ ಜಾವಗಲ್ಲನ್ನು ಹೆಸರಿನಲ್ಲೇ ಹೊತ್ತ ಶ್ರೀನಾಥ್. ಮುರಿಯದ 52 ರನ್, ಗೆದ್ದೇಬಿಟ್ಟರು! ದಿಲ್ಲಿಯ ಪ್ರಧಾನಿ ಕುರ್ಚಿಯಲ್ಲಿ ಹೊಳೆನರಸೀಪುರದ ದೇವೇಗೌಡರಿದ್ದ ಕಾಲ ಅದು.

ಚನ್ನರಾಯಪಟ್ಟಣದ ತೆಂಗಿನ ತೋಟದಲ್ಲಿ, ಅರಕಲಗೂಡಿನ ಹೊಗೆಸೊಪ್ಪಿನ ಹೊಲದಲ್ಲಿ ಇದ್ದವರಿಗೆ ಇಂಥ ಪಂದ್ಯ ಅಂದರೆ ರೇಡಿಯೊ. ಕರೆಂಟು ಹೋದರೂ ಅದು ಹೋಗುತ್ತಿರಲಿಲ್ಲ. ಆ ದನಿ ಪುಕ್ಕಟೆ ಬರುತ್ತೆ ಅಂದ್ಕೊಂಡಿದ್ವಿ, ಅಲ್ವಾ ವೀಕ್ಷಕರೇ? ಅದರ ಹಿಂದೆ ದೊಡ್ಡ ಜಗಳವೇ ಇದೆ.

1885ರ ಟೆಲಿಗ್ರಾಫ್ ಕಾಯ್ದೆ ಹಿಡಿದುಕೊಂಡು ಸರ್ಕಾರ ಪ್ರಸಾರವನ್ನೆಲ್ಲ ತನ್ನ ಕೈಯಲ್ಲೇ ಇಟ್ಟುಕೊಂಡಿತ್ತು. 1993ರಲ್ಲಿ ಬಂಗಾಳದ ಕ್ರಿಕೆಟ್ ಸಂಸ್ಥೆ ಹೀರೋ ಕಪ್ ಪ್ರಸಾರದ ಹಕ್ಕನ್ನು ಟಿಡಬ್ಲ್ಯುಐ ಎಂಬ ವಿದೇಶಿ ಕಂಪನಿಗೆ ಕೊಟ್ಟಿತು. ದೂರದರ್ಶನ ಕೆರಳಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1995ರ ಫೆಬ್ರವರಿ 9ರಂದು ಕೋರ್ಟ್ ಹೇಳಿದ್ದೇನು? ಆಕಾಶದ ತರಂಗಗಳು ಸಾರ್ವಜನಿಕರ ಸ್ವತ್ತು. ಸರ್ಕಾರದ್ದೂ ಅಲ್ಲ, ಸಾಹುಕಾರರದ್ದೂ ಅಲ್ಲ.

ಮಾತೇನೋ ಚೆನ್ನಾಗಿತ್ತು. ಆದರೆ ಹಕ್ಕಿನ ಬೆಲೆ ಏರುತ್ತಾ ಹೋಯಿತು. 2007ರ ಜನವರಿಯಲ್ಲಿ ವೆಸ್ಟ್ ಇಂಡೀಸ್ ಸರಣಿ. ಹಕ್ಕು ಹಿಡಿದಿದ್ದ ನಿಂಬಸ್ ಕಂಪನಿಗೂ ದೂರದರ್ಶನಕ್ಕೂ ಹೈಕೋರ್ಟಿನಲ್ಲಿ ಜಟಾಪಟಿ. ಅದೇ ವರ್ಷ ಸಂಸತ್ತು ಕಾಯ್ದೆ ತಂದಿತು: ರಾಷ್ಟ್ರೀಯ ಮಹತ್ವದ ಪಂದ್ಯವಾದರೆ ಪ್ರಸಾರ ಭಾರತಿಗೆ ಹಂಚಲೇಬೇಕು. ಜಾಹೀರಾತು ಆದಾಯದಲ್ಲಿ ಹಕ್ಕುದಾರರ ಪಾಲು ಟಿವಿಯಲ್ಲಿ ಕನಿಷ್ಠ 75, ರೇಡಿಯೊದಲ್ಲಿ ಕನಿಷ್ಠ 50. ಭಾರತ ತಂಡದ ಏಕದಿನ ಪಂದ್ಯಗಳ ಕಾಮೆಂಟರಿಗೆ ಇವತ್ತಿಗೂ ಈ ಕಾಯ್ದೆಯ ರಕ್ಷಣೆ ಇದೆ.

ಇಲ್ಲೇ ಒಂದು ತೂತು ನೋಡಿ. ಯಾವುದು ರಾಷ್ಟ್ರೀಯ ಮಹತ್ವದ್ದು ಅಂತ ಸರ್ಕಾರ ಪಟ್ಟಿ ಮಾಡಬೇಕು. ವಿಶ್ವಕಪ್ ಫುಟ್‌ಬಾಲ್ ಪಟ್ಟಿಗೆ ಬಂತು, ಸಂತೋಷ್ ಟ್ರೋಫಿ ಬಂತು. 2008ರಲ್ಲಿ ಶುರುವಾದ ಐಪಿಎಲ್ ಬರಲಿಲ್ಲ. ಕಂಠೀರವದಲ್ಲಿ ಆಡುವ ಬೆಂಗಳೂರು ಎಫ್‌ಸಿಯ ಲೀಗ್ ಪಂದ್ಯಗಳೂ ಬರಲಿಲ್ಲ.

ಇಂಗ್ಲೆಂಡಿನಲ್ಲಿ ಪ್ರೀಮಿಯರ್ ಲೀಗ್ ಫುಟ್‌ಬಾಲಿನ ರೇಡಿಯೊ ಹಕ್ಕನ್ನೇ ಬೇರೆಯಾಗಿ, ಕಂತೆಕಂತೆಯಾಗಿ ಮಾರುತ್ತಾರೆ. ಬಿಬಿಸಿ, ಟಾಕ್‌ಸ್ಪೋರ್ಟ್ ದುಡ್ಡು ಕೊಟ್ಟು ಕೊಳ್ಳುತ್ತವೆ. ನಮ್ಮಲ್ಲಿ ಕೊಳ್ಳೋರೇ ಎಲ್ಲಿ? 2011ರ ನೀತಿಯ ಪ್ರಕಾರ ಖಾಸಗಿ ಎಫ್ಎಂಗಳು ಸ್ಥಳೀಯ ಆಟಗಳ ನೇರ ಕಾಮೆಂಟರಿ ಮಾತ್ರ ಕೊಡಬಹುದು. ಊರ ಹಬ್ಬದ ಕಬಡ್ಡಿ ಓಕೆ, ಐಪಿಎಲ್ ಇಲ್ಲ! ಬಾಯಿಗೆ ಬೀಗ ಹಾಕಿ ಹಾಡು ಅಂದ ಹಾಗಾಯಿತು.

2025ರ ಜೂನ್ 3ರ ರಾತ್ರಿ ಆರ್‌ಸಿಬಿ 18 ವರ್ಷ ಕಾದು ಕಪ್ ಗೆದ್ದಿತು, ಬರೀ 6 ರನ್‌ನಿಂದ. ಆ ರಾತ್ರಿ ತೋಟಕ್ಕೆ ನೀರು ಹಾಯಿಸುತ್ತಿದ್ದ ರೈತನಿಗಾಗಿ, 102.2ರ ಹಾಸನ ಆಕಾಶವಾಣಿಗೆ ಕಾಮೆಂಟರಿ ಕೊಡಲೇಬೇಕು ಅನ್ನುವ ಕಟ್ಟುಪಾಡು ಹಕ್ಕುದಾರರಿಗೆ ಇರಲಿಲ್ಲ.