ಹ್ಯಾಂಡಲಿನಿಂದ ಸ್ಟೇರಿಂಗ್ ಕೀಯವರೆಗೆ

ಬೆಳ್ಳಿಹಬ್ಬದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಕಾರ್ಯದರ್ಶಿಗಳು ಕೇಳಿದಾಗ, "ಲಾರಿ ವಿಷಯ ಬಿಟ್ಟರೆ ನನಗೆ ಬೇರೇನೂ ಗೊತ್ತಿಲ್ಲ ಸ್ವಾಮಿ" ಎಂದೆ. "ಅದನ್ನೇ ಬರೀರಿ. ಗೊಬ್ಬರದ ದಿನದ ಗಲಾಟೆ ಮರೆತುಹೋಯ್ತಾ?" ಎಂದರು.

ಮರೆಯುವುದು ಹೇಗೆ? ಬಿತ್ತನೆಯ ಕಾಲ, ಮೋಡ ಕಟ್ಟಿತ್ತು. ಗೊಬ್ಬರ ತುಂಬಿದ ನಮ್ಮ ಸಂಘದ ಹಳೇ ಲಾರಿ ಗೋದಾಮಿನ ಬಾಗಿಲಲ್ಲೇ ನಿಂತುಬಿಟ್ಟಿತು. ಕೀ ತಿರುಗಿಸಿದರೆ ಉಸಿರೇ ಇಲ್ಲ. ಬ್ಯಾಟರಿ ಹೋಗಿದೆ ಎಂದರು ಒಬ್ಬರು, ಸೆಲ್ಫ್ ಹೋಗಿದೆ ಎಂದರು ಇನ್ನೊಬ್ಬರು. ಪೇಟೆಯಿಂದ ಹೊಸ ಬ್ಯಾಟರಿಯೇ ಬಂತು. ಲಾರಿ ಅಲ್ಲಾಡಲಿಲ್ಲ. ತಪ್ಪಿದ್ದದ್ದು ಸ್ಟೇರಿಂಗ್ ಕಂಬದ ಬೀಗದೊಳಗಿನ ಬೆರಳುಗಾತ್ರವೂ ಇಲ್ಲದ ಒಂದು ಸವೆದ ನಾಲಿಗೆಯಲ್ಲಿ. ಈ ಕೀ ಅಲ್ಲಿಗೆ ಬಂದು ಕೂತದ್ದು ಹೇಗೆ ಎಂಬುದಕ್ಕೆ ಒಂದು ಚರಿತ್ರೆಯೇ ಇದೆ.

ಮೊದಲು ಎಲ್ಲಕ್ಕೂ ಹ್ಯಾಂಡಲ್. ಮುಂದೆ ನಿಂತು ತೂರಿಸಿ ತಿರುಗಿಸಬೇಕು. ಇಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿದೇಹೋಗುತ್ತಿತ್ತು. ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತದೆ ಉಳಿದ ಬೆರಳುಗಳ ಕಡೆಗೇ ಇಟ್ಟುಕೊಳ್ಳಬೇಕೆಂಬುದು ಕ್ಲೀನರ್ ಹುಡುಗರು ಕಲಿಯುತ್ತಿದ್ದ ಮೊದಲ ಪಾಠ. ಅಮೆರಿಕದಲ್ಲಿ ಚಾರ್ಲ್ಸ್ ಕೆಟರಿಂಗ್ ಎಂಬ ಇಂಜಿನಿಯರ್ ಇದಕ್ಕೆ ದಾರಿ ಕಂಡುಹಿಡಿದರು. ಅದಕ್ಕೆ ಮುಂಚೆ ಅವರು ಅಂಗಡಿಗಳ ನಗದು ಯಂತ್ರಕ್ಕೆ ವಿದ್ಯುತ್ ಮೋಟಾರ್ ಜೋಡಿಸಿದ್ದವರು. ಒಂದು ಗಳಿಗೆ ಮಾತ್ರ ಜೋರಾಗಿ ತಿರುಗಿ ನಿಂತರೆ ಸಾಕು, ಸಣ್ಣ ಮೋಟಾರೇ ನಡೆಯುತ್ತದೆ ಎಂಬುದು ಅಲ್ಲಿಂದ ಬಂದ ಬುದ್ಧಿ. 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಸೆಲ್ಫ್ ಸ್ಟಾರ್ಟರ್ ಬಂತು. ಆದರೂ ಕೀ ಬೇರೆ, ಸ್ಟಾರ್ಟರ್ ಗುಂಡಿ ಬೇರೆಯಾಗಿಯೇ ಬಹಳ ಕಾಲ ಇತ್ತು. ನಮ್ಮ ಕಡೆಯ ಹಳೇ ಡ್ರೈವರುಗಳಿಗೆ ಈ ಗುಂಡಿ ಚೆನ್ನಾಗಿ ನೆನಪಿರಬೇಕು.

ಕೀ ಡ್ಯಾಶ್‌ಬೋರ್ಡಿನಿಂದ ಕಂಬಕ್ಕೆ ಇಳಿದದ್ದು ಕಳ್ಳರ ದೆಸೆಯಿಂದ. ಎರಡು ವೈರು ಜೋಡಿಸಿ ವಾಹನ ಹೊಡೆದುಕೊಂಡು ಹೋಗುವುದು ಸುಲಭವಾಗಿತ್ತು. ಕೀ ತೆಗೆದ ಕೂಡಲೇ ಒಂದು ಕಬ್ಬಿಣದ ಗೂಟ ಸ್ಟೇರಿಂಗ್ ಶಾಫ್ಟಿಗೆ ಬಿದ್ದು ಚಕ್ರವೇ ಸಿಕ್ಕಿಕೊಂಡರೆ ಕಳ್ಳ ಎಲ್ಲಿಗೆ ಹೋದಾನು? ಜನರಲ್ ಮೋಟಾರ್ಸ್ 1969ರ ಮಾಡೆಲಿನ ಕಾರುಗಳಿಗೆ ಇದನ್ನು ಹಾಕಿತು. 1970ರಿಂದ ಅಮೆರಿಕದಲ್ಲಿ ಕಾರುಗಳ ಕಳ್ಳತನ ತಡೆಗೆ ಸರ್ಕಾರದ ನಿಯಮವೇ ಜಾರಿಗೆ ಬಂತು. ನಮ್ಮ ದೇಶಕ್ಕೆ 1980ರ ದಶಕದಲ್ಲಿ ಡಿಸಿಎಂ ಟೊಯೋಟಾ, ಸ್ವರಾಜ್ ಮಜ್ದಾ, ಆಲ್ವಿನ್ ನಿಸ್ಸಾನ್, ಐಷರ್ ಮಿತ್ಸುಬಿಷಿ ಎಂದು ಜಪಾನಿನವರ ಸಹಯೋಗದ ಸಣ್ಣ ಲಾರಿಗಳು ಬಂದವು. ಅಂಥ ಗಾಡಿಗಳ ಕಾಲದಲ್ಲೇ ಕಂಬದ ಕೀಗೂ ಹಳ್ಳಿಯ ಡ್ರೈವರುಗಳ ಕೈ ಪಳಗಿತು.

ಕಳ್ಳನನ್ನು ತಡೆದ ಈ ಬೀಗ ಯಜಮಾನನನ್ನೂ ಕಾಡಿದೆ. ಸ್ವಿಚ್ಚಿನೊಳಗೆ ಶಾರ್ಟ್ ಆಗಿ ಕಂಬದಲ್ಲೇ ಬೆಂಕಿ ಹತ್ತುತ್ತದೆಂದು 1996ರಲ್ಲಿ ಫೋರ್ಡ್ ಕಂಪನಿ ಅಮೆರಿಕ, ಕೆನಡಾಗಳಲ್ಲಿ ಸುಮಾರು 87 ಲಕ್ಷ ವಾಹನಗಳನ್ನು ವಾಪಸ್ ಕರೆಸಿತು. ಅವುಗಳಲ್ಲಿ ಪಿಕಪ್ ಟ್ರಕ್ಕುಗಳೂ ಇದ್ದವು. ಕೀ ತೆಗೆದು ನಿಲ್ಲಿಸಿದ್ದ ಗಾಡಿಗಳೂ ಹೊತ್ತಿಕೊಂಡಿದ್ದವು! 2014ರಲ್ಲಿ ಜನರಲ್ ಮೋಟಾರ್ಸಿನ ಸರದಿ. ಕೀ ಗೊಂಚಲಿನ ಭಾರಕ್ಕೋ ರಸ್ತೆಯ ಕುಲುಕಿಗೋ ಸ್ವಿಚ್ ತಾನೇ ಹಿಂದಕ್ಕೆ ಜಾರಿ, ಓಡುವ ಕಾರಿನ ಇಂಜಿನ್ ನಿಲ್ಲುತ್ತಿತ್ತು. 124 ಸಾವುಗಳಿಗೆ ಪರಿಹಾರ ಕೊಡಬೇಕಾಯಿತು. ನಮ್ಮಲ್ಲಿ ಸಂಘದ ಬೀಗದ ಕೈ, ಮನೆಯ ಬೀಗದ ಕೈ, ಪಂಪ್‌ಸೆಟ್ ಕೋಣೆಯದು ಎಲ್ಲಾ ಒಂದೇ ರಿಂಗಿಗೆ ಪೋಣಿಸಿ ಲಾರಿಗೆ ನೇತುಹಾಕುವವರು ಇದನ್ನು ಓದಿಕೊಳ್ಳಲಿ.

ಇನ್ನು ನಮ್ಮ ಲಾರಿಗೆ ಬರೋಣ. ಅಂದು ಬ್ಯಾಟರಿ ತರಿಸುವ ಮೊದಲು ಹೆಡ್‌ಲೈಟ್ ಹಾಕಿ ನೋಡಿದ್ದರೆ ಸಾಕಿತ್ತು. ಲೈಟ್ ಹಾಕಿಕೊಂಡೇ ಸೆಲ್ಫ್ ಹೊಡೆದಾಗ ಬೆಳಕು ಪೂರಾ ಕುಂದಿದರೆ ಬ್ಯಾಟರಿ ಅಥವಾ ಅದರ ಟರ್ಮಿನಲ್ ನೋಡಬೇಕು. ಬೆಳಕು ಇದ್ದ ಹಾಗೇ ಇದ್ದು ಇಂಜಿನ್ ಸುಮ್ಮನಿದ್ದರೆ ಕರೆಂಟು ಸೆಲ್ಫಿನವರೆಗೆ ಹೋಗುತ್ತಲೇ ಇಲ್ಲವೆಂದು ಅರ್ಥ. ನಮ್ಮದು ಎರಡನೆಯದು. ಜೊತೆಗೆ ಕೀ ಬಿಗಿಯಿಲ್ಲದೆ, ಒಡೆದ ನಲ್ಲಿಯಂತೆ ಸಡಿಲವಾಗಿ ತಿರುಗುತ್ತಿತ್ತು. ಕೈಗೆ ಸಿಕ್ಕ ಈ ಗುರುತನ್ನು ಯಾರೂ ಗಮನಿಸಲಿಲ್ಲ, ನಾನೂ ಕೂಡ.

ಕಂಬದ ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಒಳಗೆ ಎರಡು ಭಾಗ ಕಾಣುತ್ತವೆ. ಮುಂದೆ ಕೀ ಹೋಗುವ ಬೀಗ, ಅದರ ಹಿಂಬದಿಗೆ ಸಣ್ಣ ಸ್ಕ್ರೂಗಳಲ್ಲಿ ಕೂತ ವಿದ್ಯುತ್ ಸ್ವಿಚ್. ಬೀಗದ ನಾಲಿಗೆ ಸ್ವಿಚ್ಚಿನ ಸೀಳಿನಲ್ಲಿ ಕೂತು ಅದನ್ನು ತಿರುಗಿಸುತ್ತದೆ. ಬ್ಯಾಟರಿ ವೈರು ಬಿಚ್ಚಿ, ಸ್ವಿಚ್ ಕಳಚಿ, ಗೇರು ನ್ಯೂಟ್ರಲ್‌ನಲ್ಲಿದೆ, ಹ್ಯಾಂಡ್‌ಬ್ರೇಕ್ ಇದೆ ಎಂದು ಖಾತ್ರಿ ಮಾಡಿಕೊಂಡು, ವೈರು ಮತ್ತೆ ಕೊಟ್ಟು ಸ್ವಿಚ್ಚನ್ನು ಸ್ಕ್ರೂಡ್ರೈವರಿನಿಂದ ತಿರುಗಿಸಿದೆ. ಇಂಜಿನ್ ಗುಡುಗಿತು. ಅಂದರೆ ಸ್ವಿಚ್ ಸರಿ, ಬೀಗ ಕೆಟ್ಟಿದೆ. ಆಗಲೂ ಏಳದಿದ್ದರೆ ಸ್ವಿಚ್ಚಿನ ಕಾಂಟ್ಯಾಕ್ಟ್ ಸುಟ್ಟಿದೆಯೇ, ಸೆಲ್ಫಿನ ಸಣ್ಣ ವೈರಿಗೆ ಕರೆಂಟು ಬರುತ್ತದೆಯೇ ಎಂದು ಟೆಸ್ಟ್ ಲ್ಯಾಂಪ್ ಹಿಡಿದು ನೋಡಬೇಕಿತ್ತು.

ಇಂಜಿನ್ ಎದ್ದಕೂಡಲೇ ಸುತ್ತ ನಿಂತಿದ್ದವರು, "ಅಣ್ಣಾ, ಹಂಗೇ ಹೊಡ್ಕೊಂಡು ಹೋಗ್ಬಿಡಿ, ಮಳೆ ಬರ್ತದೆ" ಅಂದರು. ನಾನು ಒಪ್ಪಲಿಲ್ಲ. ಜನ ಬೈದದ್ದೂ ಉಂಟು. ಆದರೆ ಸ್ಕ್ರೂಡ್ರೈವರ್ ತಿರುಗಿಸುವುದು ಸ್ವಿಚ್ಚನ್ನು ಮಾತ್ರ. ಚಕ್ರ ಹಿಡಿಯುವ ಗೂಟ ಬೀಗದ ಹಿಡಿತದಲ್ಲೇ ಇರುತ್ತದೆ. ಬೀಗದೊಳಗೆ ಏನು ಸವೆದಿದೆ, ಏನು ಮುರಿದಿದೆ ಎಂದು ಹೊರಗಿನಿಂದ ತಿಳಿಯದು. ಕೆರೆ ಏರಿಯ ತಿರುವಿನಲ್ಲಿ ಅದು ಬಿದ್ದರೆ ಲಾರಿ ನೇರ ನೀರಿಗೆ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ಕೀ ಆಫ್ ಮಾಡಿ ಗಾಡಿ ಬಿಡುವ ಚಾಳಿಗೂ ಇದೇ ಅಪಾಯವಿದೆ. ಸವೆದ ಬೀಗದಿಂದ ಕೀ ಈಚೆ ಬಂದರೆ ಮುಗಿಯಿತು. ಇಂಜಿನ್ ನಿಂತರೆ ಬ್ರೇಕಿನ ಬಲವೂ ಕುಗ್ಗುತ್ತದೆ. ಅಂದು ಗೊಬ್ಬರ ಎತ್ತಿನ ಗಾಡಿಗಳಲ್ಲಿ ಹೋಯಿತು, ಅರ್ಧ ನೆನೆಯಿತು.

ಬೀಗ ಬಿಚ್ಚುವುದೇ ಒಂದು ದಿನದ ಕೆಲಸ. ಕಳ್ಳ ಬಿಚ್ಚಬಾರದೆಂದು, ಬಿಗಿ ಮಾಡಿದ ಮೇಲೆ ತಲೆ ಮುರಿದುಹೋಗುವ ಬೋಲ್ಟ್ ಹಾಕಿರುತ್ತಾರೆ. ಉಳಿಯಿಂದ ಅಂಚಿಗೆ ಏಟು ಕೊಟ್ಟು ಮೆಲ್ಲಗೆ ತಿರುಗಿಸಬೇಕು. ಒಳಗಿನ ನಾಲಿಗೆ ಬೆಲ್ಲದ ಚೂರಿನ ಹಾಗೆ ಸವೆದಿತ್ತು. ಕಾರಣ ಹುಡುಕಿದರೆ ನಮ್ಮ ಕೀಯೇ! ನಿಲ್ಲಿಸುವಾಗ ಚಕ್ರ ಒಂದು ಕಡೆಗೆ ಎಳೆದು ನಿಂತಿದ್ದರೆ ಗೂಟದ ಮೇಲೆ ಭಾರ ಬಿದ್ದು ಕೀ ತಿರುಗದು. ಒಂದು ಕೈಯಲ್ಲಿ ಚಕ್ರವನ್ನು ಅತ್ತಿತ್ತ ಅಲುಗಿಸುತ್ತಾ ತಿರುಗಿಸಿದರೆ ಬರುತ್ತದೆ. ನಾವು ವರ್ಷಗಟ್ಟಲೆ ಇಕ್ಕಳ ಹಾಕಿ ತಿರುಗಿಸಿದ್ದೆವು.

ಹೊಸ ಬೀಗದ ಜೊತೆ ಎರಡು ಕೀ ಬಂದವು. ಸವೆದ ಕೀಯಿಂದ ನಕಲು ಮಾಡಿಸಿದರೆ ಸವೆತವೂ ನಕಲಾಗುತ್ತದೆ. ಆದ್ದರಿಂದ ಒಂದನ್ನು ಮುಟ್ಟದೆ ಸಂಘದ ತಿಜೋರಿಯಲ್ಲಿ, ಷೇರು ಪುಸ್ತಕದ ಪಕ್ಕ ಇಟ್ಟಿದ್ದೇವೆ. ಇನ್ನೊಂದು ಡ್ರೈವರ್ ಹತ್ತಿರ ಇದೆ, ಒಂಟಿ ರಿಂಗಿನಲ್ಲಿ.