ಜಿಮ್ನಾಸ್ಟಿಕ್ಸ್: ಯಾವ ಕಸರತ್ತು ಸುಲಭ, ಯಾವುದು ಕಠಿಣ?

2016ರ ಆಗಸ್ಟ್ 14ರಂದು ರಿಯೊ ಒಲಿಂಪಿಕ್ಸ್‌ನ ವಾಲ್ಟ್ ಫೈನಲ್‌ನಲ್ಲಿ ಅಗರ್ತಲಾದ ದೀಪಾ ಕರ್ಮಾಕರ್ 15.066 ಅಂಕ ಗಳಿಸಿ ನಾಲ್ಕನೇ ಸ್ಥಾನ ಪಡೆದರು. ಕಂಚಿನ ಪದಕ ತಪ್ಪಿದ್ದು ಕೇವಲ 0.150 ಅಂಕಗಳಿಂದ. ಜಿಮ್ನಾಸ್ಟಿಕ್ಸ್ ಕಡೆಗೆ ಅದುವರೆಗೆ ಕಣ್ಣೆತ್ತಿಯೂ ನೋಡದಿದ್ದ ಭಾರತೀಯರ ಬಾಯಲ್ಲೂ ‘ಪ್ರೊಡುನೋವಾ’ ಎಂಬ ರಷ್ಯನ್ ಹೆಸರು ನಲಿದಾಡಿತು. ಇದಕ್ಕಿಂತ ಕಠಿಣವಾದ ಕಸರತ್ತು ಬೇರೊಂದಿಲ್ಲ ಎಂಬ ಭಾವನೆಯೂ ಬೇರೂರಿತು. ಅಂದಿನ ಅಂಕಪಟ್ಟಿಯ ಮಟ್ಟಿಗೆ ಅದು ನಿಜವೂ ಆಗಿತ್ತು. ಆದರೆ ಅಂಕಪಟ್ಟಿ ಹೇಳುವ ಕಾಠಿಣ್ಯವೇ ಬೇರೆ, ಕಲಿಯುವ ದೇಹ ಅನುಭವಿಸುವ ಕಾಠಿಣ್ಯವೇ ಬೇರೆ. ಇವೆರಡೂ ಎಷ್ಟೋ ಕಡೆ ಪರಸ್ಪರ ತಾಳೆಯಾಗುವುದಿಲ್ಲ.

ಅಂತರರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಫೆಡರೇಷನ್ ಪ್ರತಿಯೊಂದು ಕಸರತ್ತಿಗೂ ಒಂದು ಅಕ್ಷರ ನೀಡಿದೆ. ‘ಎ’ ದರ್ಜೆಗೆ 0.1 ಅಂಕ, ‘ಬಿ’ಗೆ 0.2, ಹೀಗೆ ಏರುತ್ತ ಹೋಗಿ ‘ಜೆ’ಗೆ 1.0. ವಾಲ್ಟ್‌ನಲ್ಲಿ ಮಾತ್ರ ಅಕ್ಷರಗಳಿಲ್ಲ. ಪ್ರತಿ ಜಿಗಿತಕ್ಕೂ ನೇರವಾಗಿ ಒಂದು ಮೌಲ್ಯವಿರುತ್ತದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ನಾಡಿಯಾ ಕೊಮನೇಚಿ ಪಡೆದ, ಅಂಕಫಲಕಕ್ಕೂ ತೋರಿಸಲಾಗದೆ 1.00 ಎಂದು ಮೂಡಿದ್ದ ಆ ಪರಿಪೂರ್ಣ ಹತ್ತರ ವ್ಯವಸ್ಥೆ 2006ರಲ್ಲಿ ಕೊನೆಗೊಂಡಿತು. ಅಲ್ಲಿಂದೀಚೆಗೆ ಕಾಠಿಣ್ಯಕ್ಕೊಂದು, ನಿರ್ವಹಣೆಗೊಂದು ಎಂದು ಎರಡು ಪ್ರತ್ಯೇಕ ಅಂಕಗಳನ್ನು ಕೂಡಿಸಲಾಗುತ್ತದೆ. ಕಾಠಿಣ್ಯದ ಅಂಕಕ್ಕೆ ಮೇಲ್ಮಿತಿಯಿಲ್ಲ. ಅಪಾಯಕಾರಿ ಕಸರತ್ತುಗಳತ್ತ ಕ್ರೀಡಾಪಟುಗಳನ್ನು ಸೆಳೆದ ಆಮಿಷವೂ ಇದೇ.

ಮೊದಲ ಪಾಠಗಳು

ಮಗುವೊಂದು ಜಿಮ್ನಾಸ್ಟಿಕ್ಸ್ ಅಂಗಳಕ್ಕೆ ಕಾಲಿಟ್ಟ ದಿನವೇ ಕಲಿಯಬಹುದಾದದ್ದು ಮುಂದಕ್ಕೆ ಉರುಳುವ ಲಾಗ. ಗದ್ದವನ್ನು ಎದೆಗೆ ಒತ್ತಿ, ಬೆನ್ನನ್ನು ಚೆಂಡಿನಂತೆ ಬಾಗಿಸಿ ಉರುಳಿದರೆ ಕೆಲಸ ಮುಗಿಯಿತು. ಹಿಂದಕ್ಕೆ ಉರುಳುವುದು ಅದರ ಕನ್ನಡಿಬಿಂಬದಂತೆ ಕಂಡರೂ ಅಷ್ಟು ಸಲೀಸಲ್ಲ. ಅಲ್ಲಿ ಇಡೀ ದೇಹದ ಭಾರ ಕತ್ತಿನ ಮೇಲೆ ಬೀಳದಂತೆ ಕೈಗಳು ನೆಲವನ್ನು ಒತ್ತಬೇಕು. ತೋಳಿನಲ್ಲಿ ಶಕ್ತಿಯಿಲ್ಲದ ಮಗು ಹೆಗಲ ಮೇಲೆ ಓರೆಯಾಗಿ ಉರುಳಿ ತಪ್ಪಿಸಿಕೊಳ್ಳುತ್ತದೆ.

ಕೈಯೂರಿ ಬಂಡಿಚಕ್ರದಂತೆ ಪಕ್ಕಕ್ಕೆ ತಿರುಗುವ ಕಾರ್ಟ್‌ವೀಲ್ ಹಾಗೂ ಚಕ್ರಾಸನವನ್ನೇ ಹೋಲುವ ಬ್ರಿಜ್ ಕೂಡ ಆರಂಭದ ಪಾಠಗಳೇ. ಯೋಗಾಭ್ಯಾಸ ಮಾಡಿದ ಮಕ್ಕಳಿಗೂ ನಮ್ಮ ಉತ್ತರ ಕರ್ನಾಟಕದ ಗರಡಿಗಳಲ್ಲಿ ಮಲ್ಲಕಂಬ ಹತ್ತಿದವರಿಗೂ ತಲೆಕೆಳಗಾದ ಸ್ಥಿತಿ ಹೊಸದಲ್ಲವಾದ್ದರಿಂದ ಈ ಹಂತ ಬೇಗ ದಾಟುತ್ತದೆ.

ಅಂಗೈಗಳ ಮೇಲೆ ನಿಲ್ಲುವ ಹ್ಯಾಂಡ್‌ಸ್ಟ್ಯಾಂಡ್‌ಗೆ ಈ ಸಾಲಿನಲ್ಲಿ ವಿಚಿತ್ರ ಸ್ಥಾನವಿದೆ. ಗೋಡೆಗೆ ಕಾಲು ಚಾಚಿ ನಿಲ್ಲುವುದನ್ನು ಕೆಲವೇ ವಾರಗಳಲ್ಲಿ ಕಲಿಯಬಹುದು. ಆದರೆ ಭುಜ, ಸೊಂಟ, ಹಿಮ್ಮಡಿ ಮೂರೂ ಒಂದೇ ಗೆರೆಯಲ್ಲಿದ್ದು, ಬೆರಳ ತುದಿಗಳಿಂದಲೇ ತೂಗುಯ್ಯಾಲೆಯನ್ನು ಹತೋಟಿಗೆ ತಂದುಕೊಂಡು ಅಲುಗಾಡದೆ ನಿಲ್ಲಲು ವರ್ಷಗಳೇ ಬೇಕು. ಬಾರ್, ರಿಂಗ್ಸ್, ಬೀಮ್, ವಾಲ್ಟ್ ಎಲ್ಲವೂ ಈ ಒಂದು ಸ್ಥಿತಿಯನ್ನು ಹಾದುಹೋಗಲೇಬೇಕು. ಇದನ್ನು ಅರೆಬರೆ ಕಲಿತವರು ಮುಂದೆ ಎಲ್ಲ ಉಪಕರಣಗಳಲ್ಲೂ ದಂಡ ತೆರುತ್ತಾರೆ.

ಚಿಕ್ಕ ಅಂಕ, ದೊಡ್ಡ ಶ್ರಮ

ಅಂಕಪಟ್ಟಿಗೂ ಕಲಿಕೆಗೂ ತಾಳೆಯಿಲ್ಲ ಎಂಬುದಕ್ಕೆ ಬಾರ್‌ನ ‘ಕಿಪ್’ ಒಳ್ಳೆಯ ನಿದರ್ಶನ. ಬಾರ್ ಹಿಡಿದು ಮುಂದಕ್ಕೆ ಜಾರಿ, ದೇಹ ಪೂರ್ತಿ ಚಾಚಿದ ಕ್ಷಣದಲ್ಲಿ ಕಾಲ್ಬೆರಳುಗಳನ್ನು ಬಾರ್‌ಗೆ ತಂದು, ಪ್ಯಾಂಟನ್ನು ಮೇಲಕ್ಕೆ ಎಳೆದುಕೊಳ್ಳುವಂತೆ ಬಾರನ್ನು ಕಾಲುಗುಂಟ ಸೊಂಟದವರೆಗೆ ಎಳೆದು ಮೇಲೇರಬೇಕು. ನೋಡುವವರಿಗೆ ಇದು ಕಸರತ್ತಿನಂತೆಯೇ ಕಾಣುವುದಿಲ್ಲ. ಬಾರ್ ಹತ್ತುವ ಒಂದು ಬಗೆ ಎನಿಸುತ್ತದೆ. ಇದರ ದರ್ಜೆ ‘ಎ’ ಮಾತ್ರ. ಆದರೂ ಹೆಣ್ಣುಮಕ್ಕಳಿಗೆ ಇದು ಕೈಗೂಡಲು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಕ್ಕೂ ಮೇಲ್ಪಟ್ಟು ಸಮಯ ಹಿಡಿಯುತ್ತದೆ. ಶಕ್ತಿಯಿದ್ದರೂ ಸಾಲದು, ಸರಿಯಾದ ಗಳಿಗೆ ಒಂದೇ ಒಂದು, ಅದು ತಪ್ಪಿದರೆ ಎಷ್ಟು ಎಳೆದರೂ ದೇಹ ಮೇಲೇರದು. ಒಮ್ಮೆ ಸಿಕ್ಕಿದ ಮೇಲೆ ಮಾತ್ರ ಸೈಕಲ್ ಸವಾರಿಯಂತೆ ಮರೆಯುವುದಿಲ್ಲ.

ಪುರುಷರ ವಿಭಾಗದಲ್ಲಿ ಇದೇ ಬಗೆಯ ತಾಳ್ಮೆಯ ಪರೀಕ್ಷೆಯೆಂದರೆ ಪೊಮೆಲ್ ಹಾರ್ಸ್. ಜೋಡಿಸಿದ ಕಾಲುಗಳನ್ನು ಉಪಕರಣದ ಸುತ್ತ ತಿರುಗಿಸುವ ಸಾಮಾನ್ಯ ‘ಸರ್ಕಲ್’ ಇಲ್ಲಿನ ವರ್ಣಮಾಲೆ. ಪ್ರತಿ ಸುತ್ತಿನಲ್ಲೂ ಒಂದೊಂದು ಕೈ ಗಾಳಿಗೆ ಎದ್ದು ಇಡೀ ಭಾರ ಇನ್ನೊಂದರ ಮೇಲೆ ಬೀಳುತ್ತದೆ. ಎಳೆಯರು ಅಣಬೆಯಾಕಾರದ ಗುಂಡನೆಯ ಪೀಠದ ಮೇಲೆ ಸಾವಿರಾರು ಸುತ್ತು ತಿರುಗಿದ ಬಳಿಕವಷ್ಟೇ ಹಿಡಿಕೆಗಳಿರುವ ನಿಜವಾದ ಹಾರ್ಸ್‌ಗೆ ಬರುತ್ತಾರೆ. ಕಾಲ್ಬಲ, ಜಿಗಿತ, ಧೈರ್ಯ ಯಾವುದೂ ಇಲ್ಲಿ ಒದಗುವುದಿಲ್ಲ. ನೆಲದ ಮೇಲೆ ಮಿಂಚುವ ಎಷ್ಟೋ ಪಟುಗಳು ಇದರಿಂದ ಕೆಳಗೆ ಬೀಳುವುದು ಅದಕ್ಕಾಗಿಯೇ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪುರುಷರ ತಂಡ ಸ್ಟೀಫನ್ ನೆಡೊರೊಸಿಕ್ ಅವರನ್ನು ಈ ಒಂದೇ ಉಪಕರಣಕ್ಕಾಗಿ ಕಣಕ್ಕಿಳಿಸಿತು. ತಂಡ 2008ರ ನಂತರ ಮೊದಲ ಬಾರಿಗೆ ಪದಕ ಗೆದ್ದಿತು. ನೆಡೊರೊಸಿಕ್ ವೈಯಕ್ತಿಕ ಕಂಚನ್ನೂ ಪಡೆದರು.

ರಿಂಗ್ಸ್ ಮೇಲೆ ತೋಳುಗಳನ್ನು ಇಕ್ಕೆಲಗಳಿಗೆ ಚಾಚಿ ಶಿಲುಬೆಯಂತೆ ನಿಲ್ಲುವ ‘ಐರನ್ ಕ್ರಾಸ್’ ಕೂಡ ಹೀಗೆಯೇ. 1956 ಮತ್ತು 1960ರ ಒಲಿಂಪಿಕ್ಸ್‌ಗಳಲ್ಲಿ ರಿಂಗ್ಸ್ ಚಿನ್ನ ಗೆದ್ದ ಸೋವಿಯತ್ ಪಟು ಆಲ್ಬರ್ಟ್ ಅಜಾರ್ಯನ್ ಅವರಿಂದ ಜನಪ್ರಿಯವಾದ ಭಂಗಿಯಿದು. ಜನಸಾಮಾನ್ಯರ ಪಾಲಿಗೆ ಅಸಾಧ್ಯವೇ ಎನ್ನಬಹುದಾದ ಇದಕ್ಕೆ ಸಿಗುವುದು ‘ಬಿ’ ದರ್ಜೆ! ಇದರಲ್ಲಿ ಅರ್ಥ ಮಾಡಿಕೊಳ್ಳಬೇಕಾದ ತಂತ್ರ ಹೆಚ್ಚೇನಿಲ್ಲ. ಮೊಣಕೈ ಸ್ನಾಯುರಜ್ಜುಗಳು ಭಾರಕ್ಕೆ ಒಗ್ಗುವವರೆಗೆ ವರ್ಷಗಟ್ಟಲೆ ಕಾಯಬೇಕು, ಅಷ್ಟೇ.

ಭಯವೆಂಬ ಗೋಡೆ

ಇನ್ನು ಕೆಲವು ಕಸರತ್ತುಗಳಿಗೆ ಅಡ್ಡಿಯಾಗುವುದು ಸ್ನಾಯುವಲ್ಲ, ಮನಸ್ಸು. ಹಿಂದಕ್ಕೆ ಹಾರಿ, ಕೈಯೂರಿ, ಮತ್ತೆ ಕಾಲ ಮೇಲೆ ನಿಲ್ಲುವ ‘ಫ್ಲಿಕ್ ಫ್ಲ್ಯಾಕ್’ ಅಥವಾ ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್ ಯಂತ್ರಶಾಸ್ತ್ರದ ದೃಷ್ಟಿಯಿಂದ ಸರಳ. ಕಣ್ಣಿಗೆ ಕಾಣದ ಕಡೆಗೆ ತಲೆ ಮೊದಲಾಗಿ ಬೀಳಲು ಮಗುವಿನ ಮನಸ್ಸು ಒಪ್ಪಬೇಕು, ಕಷ್ಟವಿರುವುದು ಅಲ್ಲಿ. ತರಬೇತುದಾರರ ಕೈ ಬೆನ್ನ ಹಿಂದಿರುವವರೆಗೆ ಚೆನ್ನಾಗಿ ಮಾಡುವ ಮಕ್ಕಳು ಕೈ ತೆಗೆದ ಕೂಡಲೇ ನಿಂತುಬಿಡುವುದು ಸರ್ವೇಸಾಮಾನ್ಯ.

ಗಾಳಿಯಲ್ಲಿ ಹಾಕುವ ಲಾಗದ ವಿಷಯದಲ್ಲಿ ಸಾಮಾನ್ಯ ನಂಬಿಕೆ ತಲೆಕೆಳಗಾಗುತ್ತದೆ. ಮುಂದಕ್ಕೆ ಹಾಕುವುದೇ ಸುಲಭ ಎಂದು ಹೊರಗಿನವರು ಭಾವಿಸುತ್ತಾರೆ. ವಾಸ್ತವವಾಗಿ ಹಿಂದಕ್ಕೆ ಹಾಕಿದಾಗ ಕಾಲೂರುವ ಮುನ್ನ ನೆಲ ಕಣ್ಣಿಗೆ ಕಾಣುತ್ತದೆ. ಮುಂದಕ್ಕೆ ಹಾಕಿದಾಗ ಕೊನೆಯ ಗಳಿಗೆಯವರೆಗೂ ಕಾಣುವುದಿಲ್ಲ. ಹಾಗಾಗಿ ಭಯ ಹೆಚ್ಚಿದ್ದರೂ ಹಿಂದಕ್ಕೆ ಹಾಕುವ ಲಾಗವೇ ಹೆಚ್ಚು ಭದ್ರವಾಗಿ ನಿಲ್ಲುತ್ತದೆ.

ಇದೇ ಚಲನೆಯನ್ನು ಬೀಮ್ ಮೇಲಕ್ಕೆ ಒಯ್ದರೆ ಕಥೆಯೇ ಬದಲಾಗುತ್ತದೆ. ಐದು ಮೀಟರ್ ಉದ್ದ, ನೆಲದಿಂದ 125 ಸೆಂಟಿಮೀಟರ್ ಎತ್ತರದ ಈ ಪಟ್ಟಿಯ ಅಗಲ ಹತ್ತೇ ಸೆಂಟಿಮೀಟರ್. ನೆಲದ ಮೇಲೆ ಎಳೆದ ಗೆರೆ, ಆಮೇಲೆ ಗೇಣೆತ್ತರದ ಬೀಮ್, ಅದರ ನಂತರ ಎತ್ತರದ ಬೀಮ್ ಎಂಬ ಕ್ರಮದಲ್ಲಿ ಅಭ್ಯಾಸ ಸಾಗುತ್ತದೆ. ಚಲನೆ ಎಳ್ಳಷ್ಟೂ ಬದಲಾಗಿರುವುದಿಲ್ಲ. ಆದರೂ ಕೊನೆಯ ಹಂತದಲ್ಲಿ ಪ್ರತಿಯೊಬ್ಬರೂ ಹೊಸದಾಗಿ ಕಲಿತಂತೆ ಒದ್ದಾಡುತ್ತಾರೆ.

ಶಿಖರದ ಹತ್ತಿರ

ಪ್ರೊಡುನೋವಾ ವಾಲ್ಟ್‌ಗೆ ಹೆಸರು ಬಂದದ್ದು 1999ರಲ್ಲಿ ಅದನ್ನು ಪ್ರದರ್ಶಿಸಿದ ರಷ್ಯಾದ ಎಲೆನಾ ಪ್ರೊಡುನೋವಾ ಅವರಿಂದ. ಓಡಿಬಂದು ಮೇಜಿನ ಮೇಲೆ ಕೈಯೂರಿ, ಮುಂದಕ್ಕೆ ಚಿಮ್ಮಿ, ಗಾಳಿಯಲ್ಲಿ ಎರಡು ಪೂರ್ಣ ಲಾಗ ಹಾಕಿ ನೆಲ ಕಾಣದೆಯೇ ಇಳಿಯಬೇಕು. ಸುತ್ತು ಕಡಿಮೆಯಾದರೆ ಕತ್ತಿನ ಮೇಲೆ ಬೀಳುವ ಅಪಾಯ. ‘ಸಾವಿನ ವಾಲ್ಟ್’ ಎಂಬ ಅಡ್ಡಹೆಸರು ಬಂದದ್ದು ಸುಮ್ಮನೆ ಅಲ್ಲ. ಚಪ್ಪಟೆ ಪಾದಗಳ ದೀಪಾ, ಕೋಚ್ ಬಿಶ್ವೇಶ್ವರ್ ನಂದಿ ಅವರ ಮಾರ್ಗದರ್ಶನದಲ್ಲಿ ಇದನ್ನು ಸಾಧಿಸಿ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕಂಚು ಗೆದ್ದರು. ರಿಯೊ ವೇಳೆಗೆ ಇದರ ಮೌಲ್ಯ 7.0 ಇತ್ತು, ಇತರ ಯಾವ ವಾಲ್ಟ್‌ಗೂ ಅಷ್ಟು ಇರಲಿಲ್ಲ. 2017ರಲ್ಲಿ ಅದನ್ನು 6.4ಕ್ಕೆ ಇಳಿಸಲಾಯಿತು.

ಅಮೆರಿಕದ ಸಿಮೋನ್ ಬೈಲ್ಸ್ ಹೆಸರಿನಲ್ಲಿರುವ ಕಸರತ್ತುಗಳು ಇನ್ನೊಂದು ಶಿಖರ. 2019ರ ಸ್ಟುಟ್‌ಗಾರ್ಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನೆಲದ ಮೇಲೆ ಎರಡು ಲಾಗಗಳ ನಡುವೆ ಮೂರು ತಿರುಪು ಸೇರಿಸಿ ‘ಜೆ’ ದರ್ಜೆ ಪಡೆದರು. ಅದೇ ಕೂಟದಲ್ಲಿ ಬೀಮ್‌ನಿಂದ ಇಳಿಯುವಾಗ ಎರಡು ಲಾಗ, ಎರಡು ತಿರುಪು ಮಾಡಿದ್ದಕ್ಕೆ ‘ಎಚ್’ ಮಾತ್ರ ಸಿಕ್ಕಿತು. ಬೇರೆಯವರು ಇದಕ್ಕೆ ಕೈಹಾಕಿ ಅಪಾಯ ತಂದುಕೊಳ್ಳಬಾರದೆಂದು ಮೌಲ್ಯ ಕಡಿಮೆ ಇಡಲಾಗಿದೆ ಎಂಬ ಫೆಡರೇಷನ್ ವಾದ ವಿವಾದಕ್ಕೆ ಗುರಿಯಾಯಿತು. ಕಾಠಿಣ್ಯವನ್ನು ಅಳೆಯಲೆಂದೇ ಇರುವ ಪಟ್ಟಿಯನ್ನು ಎಚ್ಚರಿಕೆಯ ಫಲಕವಾಗಿ ಬಳಸಬಹುದೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಮುಂದೆ 2023ರಲ್ಲಿ ಆಂಟ್‌ವರ್ಪ್‌ನಲ್ಲಿ ಬೈಲ್ಸ್ ಯುರ್ಚೆಂಕೊ ಡಬಲ್ ಪೈಕ್ ವಾಲ್ಟ್ ಮಾಡಿದಾಗ ಕೋಚ್ ರಕ್ಷಣೆಗಾಗಿ ಮ್ಯಾಟ್ ಪಕ್ಕದಲ್ಲೇ ನಿಂತಿದ್ದರು. ಹಾಗೆ ನಿಂತದ್ದಕ್ಕೆ 0.5 ಅಂಕ ಕಡಿತವಾಯಿತು. ಕಡಿತವಾಗುವುದು ಇಬ್ಬರಿಗೂ ಮೊದಲೇ ಗೊತ್ತಿತ್ತು.

ಉಪಕರಣ ಬದಲಾದಾಗ

ಕಾಠಿಣ್ಯ ಶಾಶ್ವತವಾದದ್ದಲ್ಲ. 1980ರ ದಶಕದ ಆರಂಭದಲ್ಲಿ ನಟಾಲಿಯಾ ಯುರ್ಚೆಂಕೊ ಬೆನ್ನು ತಿರುಗಿಸಿ ವಾಲ್ಟ್ ಏರುವ ಶೈಲಿಯನ್ನು ಜಗತ್ತಿಗೆ ತೋರಿದಾಗ ಉಪಕರಣ ಕಿರಿದಾದ ಹಾರ್ಸ್ ಆಗಿತ್ತು. 1988ರಲ್ಲಿ ಟೋಕಿಯೊದಲ್ಲಿ ಇದೇ ಶೈಲಿಯ ಅಭ್ಯಾಸ ಮಾಡುತ್ತಿದ್ದ ಅಮೆರಿಕದ ಹದಿಹರೆಯದ ಜೂಲಿಸಾ ಗೋಮೆಜ್ ಕಾಲು ಜಾರಿ ತಲೆಗೆ ಪೆಟ್ಟಾಗಿ ಪಾರ್ಶ್ವವಾಯುವಿಗೆ ತುತ್ತಾದರು, 1991ರಲ್ಲಿ ತೀರಿಕೊಂಡರು. ತರುವಾಯ ಸ್ಪ್ರಿಂಗ್‌ಬೋರ್ಡ್ ಸುತ್ತ ‘ಯು’ ಆಕಾರದ ರಕ್ಷಣಾ ಮ್ಯಾಟ್ ಕಡ್ಡಾಯವಾಯಿತು. 2001ರಲ್ಲಿ ಹಾರ್ಸ್ ಜಾಗಕ್ಕೆ ಅಗಲವಾದ ಮೇಜು ಬಂತು. ಇಂದು ಮಹಿಳೆಯರ ವಾಲ್ಟ್‌ನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ಯುರ್ಚೆಂಕೊ ಶೈಲಿಯೇ.

ಕೆಲವನ್ನು ಯಾವ ಮ್ಯಾಟ್ ಕೂಡ ಸುರಕ್ಷಿತವಾಗಿಸಲಿಲ್ಲ. 1978ರ ವಿಶ್ವ ಚಾಂಪಿಯನ್ ಎಲೆನಾ ಮುಖಿನಾ ಮುರಿದ ಕಾಲು ಪೂರ್ತಿ ವಾಸಿಯಾಗುವ ಮೊದಲೇ ‘ಥಾಮಸ್ ಸಾಲ್ಟೊ’ ಅಭ್ಯಾಸಕ್ಕೆ ಮರಳಬೇಕಾಯಿತು. ಒಂದೂಮುಕ್ಕಾಲು ಲಾಗ ಹಾಕಿ ಕೊನೆಗೆ ಉರುಳಿಕೊಂಡು ಮುಗಿಸುವ ಈ ಕಸರತ್ತಿನಲ್ಲಿ ಎತ್ತರ ಸಾಲದೆ ಗದ್ದ ನೆಲಕ್ಕೆ ಬಡಿದು ಕತ್ತು ಮುರಿಯಿತು. ಮಾಸ್ಕೊ ಒಲಿಂಪಿಕ್ಸ್‌ಗೆ ಆಗ ಎರಡೇ ವಾರಗಳಿದ್ದವು. 2006ರಲ್ಲಿ ಕೊನೆಯುಸಿರೆಳೆಯುವವರೆಗೂ ಅವರು ಹಾಸಿಗೆ ಹಿಡಿದೇ ಇದ್ದರು. ಉರುಳಿ ಮುಗಿಸುವ ಇಂತಹ ಲಾಗಗಳು ಮಹಿಳೆಯರಿಗೆ ಮೊದಲು, ಪುರುಷರಿಗೆ ಬಹಳ ತಡವಾಗಿ ನಿಷಿದ್ಧವಾದವು.

ಕಲಿತದ್ದು ಕೈಕೊಟ್ಟಾಗ

ಪೂರ್ತಿ ಕೈವಶವಾದ ಕಸರತ್ತೂ ಒಮ್ಮೆಲೇ ಕಳೆದುಹೋಗಬಹುದು. 2021ರ ಜುಲೈ 27ರಂದು ಟೋಕಿಯೊದಲ್ಲಿ ಎರಡೂವರೆ ತಿರುಪಿನ ವಾಲ್ಟ್‌ಗೆ ಹಾರಿದ ಬೈಲ್ಸ್, ಒಂದೂವರೆ ತಿರುಪಿಗೇ ನಿಲ್ಲಿಸಿ ಹೇಗೋ ಕಾಲೂರಿ ತಂಡದ ಫೈನಲ್‌ನಿಂದ ಹೊರಬಂದರು. ಗಾಳಿಯಲ್ಲಿ ತನ್ನ ದೇಹ ಎಲ್ಲಿದೆ, ನೆಲ ಯಾವ ಕಡೆಗಿದೆ ಎಂಬ ಅರಿವೇ ತಪ್ಪುವ ಈ ಸ್ಥಿತಿಯನ್ನು ಪಟುಗಳು ‘ಟ್ವಿಸ್ಟೀಸ್’ ಎನ್ನುತ್ತಾರೆ. ತಿರುಪಿಲ್ಲದ ಇಳಿತವನ್ನು ಆಯ್ದುಕೊಂಡು ವಾರದ ಬಳಿಕ ಬೀಮ್‌ನಲ್ಲಿ ಕಂಚು ಗೆದ್ದ ಅವರು, ಪ್ಯಾರಿಸ್‌ನಲ್ಲಿ ಮೂರು ಚಿನ್ನ ಪಡೆದರು. ಆದರೆ ಆ ನಡುವೆ ತಿರುಪುಗಳನ್ನು ಮತ್ತೆ ಮೊದಲಿನಿಂದ ಕಟ್ಟಿಕೊಳ್ಳಬೇಕಾಯಿತು.

ನಗರಗಳಲ್ಲಿ ಮಕ್ಕಳನ್ನು ತರಗತಿಗೆ ಸೇರಿಸುವ ಪೋಷಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ‘ಲಾಗ ಹಾಕುವುದನ್ನು ಯಾವಾಗ ಕಲಿಸುತ್ತೀರಿ?’ ಎಂಬುದು. ಇಳಿಯುವುದನ್ನು ಹಾಗೂ ಬೀಳುವುದನ್ನು ಕಲಿಸಲಾಗಿದೆಯೇ, ಫೋಮ್ ತುಂಬಿದ ಗುಂಡಿ ಅಥವಾ ದಪ್ಪ ಮ್ಯಾಟ್ ಇದೆಯೇ ಎಂಬ ಪ್ರಶ್ನೆಗಳು ಅದಕ್ಕಿಂತ ಮೊದಲು ಬರಬೇಕು. ಬೆಳೆಯುವ ವಯಸ್ಸಿನಲ್ಲಿ ಮುಂಗೈ ಮೂಳೆಯ ತುದಿಯ ಬೆಳವಣಿಗೆಯ ಭಾಗ ಮೃದುವಾಗಿದ್ದು, ಪದೇ ಪದೇ ಕೈಯೂರುವುದರಿಂದ ಅದಕ್ಕೆ ಪೆಟ್ಟಾಗುತ್ತದೆ. ಮಣಿಕಟ್ಟಿನ ನೋವು ಕೆಲವು ದಿನಗಳಾದರೂ ಇಳಿಯದಿದ್ದರೆ ಕೈಯೂರುವ ಅಭ್ಯಾಸವನ್ನು ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಬೇಕು.